ಸಮುದ್ರದ ದಂಡೆಗೆ ಸಣ್ಣ ಮನೆ: ನಮ್ಮ ಕಲಬುರಗಿ ಲೆಕ್ಕ ಅಲ್ಲಿ ನಡೆಯುತ್ತಾ?

ತೊಗರಿ ಹೊಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ನನ್ನ ಹೆಂಡತಿಯ ತವರು ಕುಮಟಾ ಕಡೆಯ ಒಂದು ಹಳ್ಳಿ. ಸಮುದ್ರಕ್ಕೆ ಮುಖ ಮಾಡಿದ ಜಾಗ, ಸುಮಾರು 11 ಗುಂಟೆ. ಅಗಲ ಕಡಿಮೆ, ಉದ್ದ ಜಾಸ್ತಿ. ಹಿಂದಿನ ತುದಿಯಲ್ಲಿ ಹಳೆಯ ಹಂಚಿನ ಮನೆ ಇದೆ, ಅತ್ತೆ ಒಬ್ಬರೇ ಇದ್ದಾರೆ. ಹೋದ ಮಳೆಗಾಲದಲ್ಲಿ ಹಿಂಬದಿಯ ಗೋಡೆ ಕುಸಿಯಿತು. ತೊಲೆಗಳಿಗೆ ವರಲೆ ಹತ್ತಿದೆ. ಹಾಗಾಗಿ ಮುಂದಿನ ಭಾಗದಲ್ಲಿ, ನೀರಿನಿಂದ ಒಂದು 60 ಮೀಟರ್ ದೂರದಲ್ಲಿ, ಹೊಸದಾಗಿ ಸಣ್ಣ ಮನೆ ಕಟ್ಟೋಣ ಅಂತ ಯೋಚನೆ.

ನನ್ನ ತಲೆಯಲ್ಲಿ ಇರುವುದು ಇಷ್ಟು. 900 ಚದರ ಅಡಿ. ಒಂದೇ ದೊಡ್ಡ ಹಾಲ್, ಎರಡು ಕೋಣೆ. ಸಮುದ್ರದ ಕಡೆ ಪೂರ್ತಿ ಗಾಜು. ಮೇಲೆ ಚಪ್ಪಟೆ ಸ್ಲ್ಯಾಬ್, ರಾತ್ರಿ ಮೇಲೆ ಮಲಗಬಹುದು. ನೆಲಕ್ಕೆ ನಮ್ಮ ಶಹಾಬಾದ್ ಫರ್ಸಿ ಕಲ್ಲು, ಅಪ್ಪನ ಪರಿಚಯದವರು ಲಾರಿ ಲೋಡ್ ಕೊಡುತ್ತಾರೆ. ಬಿಳಿ ಗೋಡೆ, ಸಾಮಾನು ಕಡಿಮೆ. ಮಿನಿಮಲಿಸ್ಟ್ ಅಂತಾರಲ್ಲ, ಆ ಥರ. ಪರಿಸರಕ್ಕೂ ಭಾರ ಆಗಬಾರದು.

ಅಲ್ಲಿ ಕಟ್ಟಿಸಿದವರು, ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆ ಕೇಳಿದೆ, ಸೇಡಂ

ಸುಮ್ನೆ ಕೇಳ್ತೇನೆ, ಸಿಟ್ಟಾಗಬೇಡಿ. ವರ್ಷಕ್ಕೆ ಎಷ್ಟು ದಿನ ಹೋಗ್ತೀರಿ? ಹುಬ್ಬಳ್ಳಿ ದಾಟಿ, ಅರಬೈಲ್ ಘಟ್ಟ ಇಳಿದು, ಮುಟ್ಟುವಷ್ಟರಲ್ಲಿ ಒಂದು ದಿನ ಮುಗೀತು. 20 ದಿನಕ್ಕಾಗಿ 900 ಚದರ ಅಡಿ ಕಾಂಕ್ರೀಟು ಹಾಕಿ ಅದನ್ನ ಪರಿಸರಸ್ನೇಹಿ ಅನ್ನೋದು ಹೇಗೆ? ಆ ಸಿಮೆಂಟ್ ಬಹುಶಃ ವಾಡಿ, ಸೇಡಂ ಕಡೆಯದ್ದೇ ಇರುತ್ತೆ. ಅದರ ಧೂಳು ನಾವು ಕುಡೀತೀವಿ, ಅದು ಬೇರೆ ಮಾತು.

ಘಟ್ಟದ ಕೆಳಗಿನವ, ಕಲಬುರಗಿ

ನಾನು ಕುಮಟಾದವನು, ನೌಕರಿ ಇಲ್ಲಿ. 14 ವರ್ಷ ಆಯ್ತು. ನಿಮ್ಮ ಪೋಸ್ಟ್ ಓದಿ ನಗು ಬಂತು. ಯಾಕೆಂದರೆ ನಾನು ಕಲಬುರಗಿಗೆ ಬಂದ ಹೊಸದರಲ್ಲಿ ಇದರ ಉಲ್ಟಾ ತಪ್ಪು ಮಾಡಿದ್ದೆ. ಗಾಳಿ ಬರಲಿ ಅಂತ ಮೇ ತಿಂಗಳ ಮಧ್ಯಾಹ್ನ ಎಲ್ಲ ಕಿಟಕಿ ತೆಗೆದಿಟ್ಟೆ. ಓಣಿಯ ಅಜ್ಜಿ ಒಬ್ಬರು ಬಂದು ಬೈದು ಮುಚ್ಚಿಸಿದರು.

ಮೊದಲು ಕಾನೂನು. ನೀವು ಹೇಳುವ 60 ಮೀಟರ್ ಜಾಗದಲ್ಲಿ ಹೊಸ ಮನೆ ಆಗುವುದು ಕಷ್ಟ. ಕರಾವಳಿ ನಿಯಂತ್ರಣ ವಲಯದ ನಿಯಮ, ಸಿಆರ್‌ಝಡ್ ಅಂತಾರೆ. ಹಳ್ಳಿ ಕಡೆಗೆ 2011ರ ಅಧಿಸೂಚನೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ ಅಂತ ಇತ್ತು. 2019ರ ಅಧಿಸೂಚನೆ ಬಂದ ಮೇಲೆ ಜನ ದಟ್ಟವಾಗಿರುವ ಹಳ್ಳಿಗಳಿಗೆ, ಅಂದರೆ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ, ಅದು 50 ಮೀಟರ್. ಉಳಿದ ಹಳ್ಳಿಗಳಿಗೆ 200 ಮೀಟರೇ. ನಿಮ್ಮ ಹಳ್ಳಿ ಯಾವುದರಲ್ಲಿ ಬರುತ್ತೆ ಅಂತ ಕರಾವಳಿ ವಲಯ ನಿರ್ವಹಣಾ ನಕ್ಷೆ ನೋಡಿ. ಏಜೆಂಟ್ ಮಾತು ಕೇಳಬೇಡಿ. ಉಬ್ಬರದ ಗೆರೆ ಅಂದರೆ ನೀವು ಡಿಸೆಂಬರಿನಲ್ಲಿ ನೋಡಿದ ನೀರಿನ ಅಂಚಲ್ಲ, ಅದನ್ನ ಸರ್ವೆ ಮಾಡಿ ಗುರುತು ಮಾಡಿರುತ್ತಾರೆ.

ಇನ್ನೊಂದು. ಮರಳ ದಿಬ್ಬ ಇದ್ದರೆ ಅದನ್ನ ಸಮ ಮಾಡಿಸಬೇಡಿ. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಕೇರಿಯಲ್ಲಿ ದಿಬ್ಬ, ಕೇದಗೆ ಹಿಂಡಿಲು ಇದ್ದ ಕಡೆ ಅಂಗಳಕ್ಕೆ ನೀರು ಬರಲಿಲ್ಲ. ನೋಟ ಕಾಣಲಿ ಅಂತ ದಿಬ್ಬ ಕೆರೆಸಿದ್ದ ಮನೆಯೊಂದರ ಕಾಂಪೌಂಡ್ ಮಲಗಿತು.

ತೊಗರಿ ಹೊಲ, ಕಲಬುರಗಿ

ಅಯ್ಯೋ. 200 ಮೀಟರ್ ಅಂದರೆ ಹಳೆ ಮನೆಯೂ ಒಳಗೇ ಬರುತ್ತಲ್ಲ. ಅದು ಸುಮಾರು 140 ಮೀಟರಿನಲ್ಲಿದೆ.

ಘಟ್ಟದ ಕೆಳಗಿನವ, ಕಲಬುರಗಿ

ಹಳೆ ಮನೆಗೆ ದಾರಿ ಇದೆ. ಅಧಿಕೃತವಾಗಿ ದಾಖಲೆ ಇರುವ ಮನೆಯನ್ನ ರಿಪೇರಿ ಮಾಡಬಹುದು, ಅದೇ ಜಾಗದಲ್ಲಿ ಮತ್ತೆ ಕಟ್ಟಲೂಬಹುದು. ಷರತ್ತು ಏನೆಂದರೆ ಪಾಯದ ವಿಸ್ತೀರ್ಣ ಮತ್ತು ಒಟ್ಟು ಕಟ್ಟಡದ ಅಳತೆ ಈಗ ಇರುವುದಕ್ಕಿಂತ ಹೆಚ್ಚಾಗಬಾರದು. ಪಂಚಾಯತಿಯ ಮನೆ ದಾಖಲೆ, ತೆರಿಗೆ ರಸೀದಿ ಎಲ್ಲ ಹುಡುಕಿ ಇಟ್ಟುಕೊಳ್ಳಿ. ಗೋಡೆ ಕೆಡವುವ ಮುಂಚೆ ಅನುಮತಿ. ಕೆಡವಿದ ಮೇಲೆ "ಇಲ್ಲಿ ಮನೆ ಇತ್ತು" ಅಂದರೆ ಯಾರೂ ನಂಬುವುದಿಲ್ಲ.

ಸೈಟ್ ಮೇಸ್ತ್ರಿ, ಶಹಾಪುರ

ಯಾದಗಿರಿ ಜಿಲ್ಲೆಯವನು. ಉಡುಪಿ, ಕುಂದಾಪುರ ಕಡೆ ಆರು ವರ್ಷ ಸೈಟ್ ನೋಡಿಕೊಂಡಿದ್ದೆ. ಅಲ್ಲಿ ಸ್ಲ್ಯಾಬಿಗೆ ಬುಟ್ಟಿ ಹೊರುವವರಲ್ಲಿ ನಮ್ಮ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯವರು ಬಹಳ ಮಂದಿ. ಅಲ್ಲಿನ ಮನೆ ನಮ್ಮವರ ಕೈಯಲ್ಲೇ ಏಳುತ್ತೆ, ಆದರೆ ಅಲ್ಲಿನ ಉಪ್ಪಿನ ಬಗ್ಗೆ ನಮಗೆ ಯಾರೂ ಹೇಳಿಕೊಡುವುದಿಲ್ಲ.

ಒಂದು ಕಥೆ ಹೇಳುತ್ತೇನೆ. ಒಬ್ಬ ಗುತ್ತಿಗೆದಾರನ ಕೈಕೆಳಗೆ ನಾವು ಸಮುದ್ರದ ಹತ್ತಿರ ಒಂದು ಮನೆ ಕಟ್ಟಿದೆವು. ಜೂನಿನಲ್ಲಿ ಮಳೆ ಬಂತು, ಕೆಲಸ ನಿಂತಿತು. ಕಟ್ಟಿದ್ದ ಸರಳು ಎರಡೂವರೆ ತಿಂಗಳು ಗಾಳಿಗೆ ಬಿದ್ದಿತ್ತು. ಆಮೇಲೆ ಉಜ್ಜದೇ ಹಾಗೇ ಕಾಂಕ್ರೀಟ್ ಹಾಕಿದರು. ಸರಳನ್ನ ಅಚ್ಚಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟರು. ನಾನು ಬಾಯಿ ಬಿಡಲಿಲ್ಲ, ಹೊಸಬ. ಏಳು ವರ್ಷದ ಮೇಲೆ ಅದೇ ಊರಿಗೆ ಬೇರೆ ಕೆಲಸಕ್ಕೆ ಹೋದಾಗ ಆ ಮನೆಯವರು ಕರೆದು ತೋರಿಸಿದರು. ಅಡುಗೆಮನೆಯ ಸ್ಲ್ಯಾಬಿನಿಂದ ಅಂಗೈ ಅಗಲದ ಹಕ್ಕಳೆ ಬಿದ್ದಿತ್ತು. ಎತ್ತಿ ನೋಡಿದೆ. ಒಂದು ಬದಿಗೆ ಬಿಳಿ ಬಣ್ಣ. ತಿರುಗಿಸಿದರೆ ಸರಳಿನ ಅಚ್ಚು, ಅದರ ಓರೆ ಗೆರೆಗಳ ಸಮೇತ, ಕಂದು ಬಣ್ಣದಲ್ಲಿ ಒತ್ತಿದ ಹಾಗೆ ಇತ್ತು. ಕಬ್ಬಿಣ ತುಕ್ಕಾದರೆ ಎರಡು ಪಟ್ಟಿಗಿಂತ ಜಾಸ್ತಿ ಉಬ್ಬುತ್ತೆ. ಅದೇ ಒಳಗಿನಿಂದ ನೂಕಿ ಕಾಂಕ್ರೀಟನ್ನ ಸಿಪ್ಪೆ ಥರ ಬಿಡಿಸಿತ್ತು.

ನಮ್ಮ ಕಡೆ ಸ್ಲ್ಯಾಬಿಗೆ 20 ಮಿ.ಮೀ. ಕವರ್, ಅಂದರೆ ಸರಳನ್ನ ಮುಚ್ಚುವ ಕಾಂಕ್ರೀಟಿನ ದಪ್ಪ, ಬಿಟ್ಟರೆ ನಡೆಯುತ್ತೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000ರ ಪ್ರಕಾರ ಕರಾವಳಿಯ ಗಾಳಿಗೆ ತೆರೆದಿದ್ದರೆ 45 ಮಿ.ಮೀ., ಕಾಂಕ್ರೀಟಿನ ಗಟ್ಟಿತನದ ದರ್ಜೆ ಕನಿಷ್ಠ ಎಂ30. ಅಲೆಯ ಸಿಂಪಡಿಕೆ ನೇರ ತಾಗುವಲ್ಲಿ 50 ಮಿ.ಮೀ., ಎಂ35. ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಹಾಕಿದರೆ ಉಪ್ಪು ಒಳಗೆ ಇಳಿಯುವುದು ನಿಧಾನ ಆಗುತ್ತೆ. ದಂಡೆಯ ಮರಳನ್ನ ಬಳಸಲೇಬೇಡಿ, ಕಾಂಕ್ರೀಟನ್ನ ನೆನೆಸಿಡುವ ಕ್ಯೂರಿಂಗಿಗೆ ಉಪ್ಪು ನೀರೂ ಬೇಡ.

ಆದರೆ ನನ್ನ ಮಾತು ಕೇಳುವುದಾದರೆ ಸ್ಲ್ಯಾಬೇ ಬೇಡ. ಕಬ್ಬಿಣ ಎಷ್ಟು ಕಡಿಮೆಯೋ ಅಷ್ಟು ನಿದ್ದೆ ಜಾಸ್ತಿ.

ತೊಗರಿ ಹೊಲ, ಕಲಬುರಗಿ

ಸ್ಲ್ಯಾಬ್ ಇಲ್ಲದಿದ್ದರೆ ಮೇಲೆ ಮಲಗೋದು ಎಲ್ಲಿ?

ಘಟ್ಟದ ಕೆಳಗಿನವ, ಕಲಬುರಗಿ

ಅಲ್ಲಿ ಯಾರೂ ಮಾಳಿಗೆ ಮೇಲೆ ಮಲಗುವುದಿಲ್ಲ ಮಾರಾಯ್ರೆ! ಇಲ್ಲಿ ರಾತ್ರಿ 11ಕ್ಕೆ ಆಕಾಶದ ಕೆಳಗೆ ತಂಪು ಬರುತ್ತೆ, ಅಲ್ಲಿ ಇಬ್ಬನಿ ಮತ್ತು ಸೊಳ್ಳೆ ಬರುತ್ತೆ.

ಇದರ ಹಿಂದೆ ಕಾರಣ ಇದೆ. ಕಲಬುರಗಿಯಲ್ಲಿ ಬೇಸಿಗೆ ಮಧ್ಯಾಹ್ನ 42-43 ಡಿಗ್ರಿ, ನಸುಕಿಗೆ 26-27. ಹಗಲು-ರಾತ್ರಿ ನಡುವೆ ಅಂತರ ದೊಡ್ಡದು. ಹಾಗಾಗಿ ದಪ್ಪ ಗೋಡೆ, ಸಣ್ಣ ಕಿಟಕಿ, ಮಣ್ಣಿನ ಮಾಳಿಗೆ. ಹಗಲಿನ ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ಸಂಜೆ ಆಗಿರುತ್ತೆ. ಕುಮಟಾದಲ್ಲಿ ಮಧ್ಯಾಹ್ನ 33-34, ರಾತ್ರಿಯೂ 26ರ ಹತ್ತಿರ. ಗೋಡೆ ತಣ್ಣಗಾಗಲು ಪುರುಸೊತ್ತೇ ಇಲ್ಲ. ಅಲ್ಲಿ ಮೈ ಮೇಲೆ ಗಾಳಿ ಆಡಬೇಕು, ಅದೊಂದೇ ಉಪಾಯ. ಎದುರುಬದುರು ಕಿಟಕಿ, ಎತ್ತರದ ಮಾಡು, ಗೋಡೆ-ಹಂಚಿನ ನಡುವೆ ಬಿಸಿಗಾಳಿ ಹೋಗಲು ಸಂದು.

ಗಾಜಿನ ಗೋಡೆ ವಿಷಯ. ಸಮುದ್ರ ಇರುವುದು ಪಶ್ಚಿಮಕ್ಕೆ. ಅಂದರೆ ಮಧ್ಯಾಹ್ನ 2ರಿಂದ ಸೂರ್ಯ ನೇರ ಒಳಗೆ. ಗಾಜಿನ ಮೇಲೆ ಎರಡು ದಿನಕ್ಕೆ ಉಪ್ಪಿನ ಪೊರೆ ಕೂರುತ್ತೆ, ಸಮುದ್ರ ಮಂಜು ಮಂಜಾಗಿ ಕಾಣುತ್ತೆ. ಜೂನಿನಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತೆ, ಅದೂ ಆ ಕಡೆಯಿಂದಲೇ. ಅತ್ತೆ ಮನೆಯ ಪಡುವಣಕ್ಕೆ ಏನಿದೆ ನೋಡಿ ಹೇಳಿ. ಜಗಲಿ ಇರಬೇಕು ಅಲ್ವಾ?

ತೊಗರಿ ಹೊಲ, ಕಲಬುರಗಿ

ಜಗಲಿ ಇದೆ. ಮಳೆಗಾಲದಲ್ಲಿ ಅದಕ್ಕೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತಾರೆ. ಒಳಗೆ ಕತ್ತಲೆ ಆಗುತ್ತೆ ಅಂತ ನಾನು ಮದುವೆ ಆದ ಹೊಸದರಲ್ಲಿ ತೆಗೆಸಿ ಪ್ಲಾಸ್ಟಿಕ್ ತಾಡಪತ್ರಿ ಹಾಕಿಸಿದ್ದೆ. ಒಂದೇ ವಾರಕ್ಕೆ ಹರಿದು ಪಕ್ಕದವರ ತೆಂಗಿನಮರಕ್ಕೆ ಸುತ್ತಿಕೊಂಡಿತು. ಅತ್ತೆ ಏನೂ ಅನ್ನಲಿಲ್ಲ. ಮಾರನೇ ದಿನ ಹೊಸ ತಟ್ಟಿ ಹೆಣೆಯುತ್ತಾ ಕೂತಿದ್ದರು.

ಇನ್ನೊಂದು ನೆನಪಾಯ್ತು. ನಮ್ಮವ್ವ ಪ್ರತಿ ಸಲ ಖಡಕ್ ರೊಟ್ಟಿ ಕಟ್ಟಿ ಕೊಡುತ್ತಾಳೆ. ಇಲ್ಲಿ ತಿಂಗಳುಗಟ್ಟಲೆ ಇರುತ್ತೆ, ಮುರಿದರೆ ಸದ್ದು ಬರುತ್ತೆ. ಅಲ್ಲಿ ಜುಲೈಯಲ್ಲಿ ಬುಟ್ಟಿಯಲ್ಲಿ ಇಟ್ಟು ಮಲಗಿದೆ, ಬೆಳಿಗ್ಗೆ ಎದ್ದರೆ ಚಪಾತಿ ಥರ ಮಡಚುತ್ತಿತ್ತು. ಮೂರನೇ ದಿನ ಬೂಷ್ಟು. ಆದರೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದ ನಾಲ್ಕು ರೊಟ್ಟಿ ಹಾಗೇ ಗರಿಗರಿ ಇದ್ದವು. ಅತ್ತೆ ಬೆಂಕಿಪೊಟ್ಟಣವನ್ನೂ ಅಲ್ಲೇ ಇಡುತ್ತಾರೆ.

ಘಟ್ಟದ ಕೆಳಗಿನವ, ಕಲಬುರಗಿ

ನಿಮ್ಮ ಹೊಸ ಪ್ಲಾನಿನಲ್ಲಿ ಆ ಅಟ್ಟ ಎಲ್ಲಿದೆ?

ಕೋಟೆ ಹಿಂದಿನ ಮನೆ, ಬೀದರ

ನಾನು ಬೀದರಿನವಳು, ಸಮುದ್ರ ನೋಡಿದ್ದು ಎರಡೇ ಸಲ. ಆದರೆ ಕೆಂಪುಕಲ್ಲಿನ ಬಗ್ಗೆ ಎರಡು ಮಾತು ಹೇಳುವ ಹಕ್ಕು ನಮಗಿದೆ. ನಮ್ಮ ಊರೇ ಅದರ ಮೇಲೆ ಕೂತಿದೆ. ಕೋಟೆಯ ಕಂದಕ ಕಡಿದದ್ದು ಅದೇ ಬಂಡೆಯಲ್ಲಿ, ನೌಬಾದಿನ ಕರೇಜ್ ನೀರಿನ ಸುರಂಗ ಹೋಗಿರುವುದೂ ಅದರೊಳಗೇ. ಕರಾವಳಿಯಲ್ಲಿ ಚಿರೆಕಲ್ಲು ಅನ್ನುವುದೂ ಇದೇ ಜಾತಿ. ನೆಲದಲ್ಲಿರುವಾಗ ಮೆತ್ತಗೆ, ಕೊಯ್ಯಬಹುದು. ಗಾಳಿ ತಾಗಿದ ಮೇಲೆ ಗಟ್ಟಿ ಆಗುತ್ತಾ ಹೋಗುತ್ತೆ. ಸುಡಬೇಕಾಗಿಲ್ಲ, ಹಾಗಾಗಿ ಸೌದೆ-ಕಲ್ಲಿದ್ದಲು ಖರ್ಚಿಲ್ಲ.

ನನ್ನ ಪ್ರಶ್ನೆ ಇದು: ಕುಸಿದ ಗೋಡೆಯ ಕಲ್ಲು ಏನು ಮಾಡಿದಿರಿ? ಮಣ್ಣಿನ ಗಾರೆಯಲ್ಲಿ ಕಟ್ಟಿದ್ದರೆ ಒಂದೊಂದೇ ಬಿಡಿಸಿ, ಕೆರೆದು, ಮತ್ತೆ ಕಟ್ಟಬಹುದು. ಸಿಮೆಂಟಿನಲ್ಲಿ ಕಟ್ಟಿದ್ದರೆ ಕಲ್ಲು ಒಡೆಯುತ್ತೆ, ಗಾರೆ ಬಿಡುವುದಿಲ್ಲ. ಹಂಚೂ ಅಷ್ಟೆ, ಹಳೆಯದು ಇಳಿಸಿ ತೊಳೆದರೆ ಮತ್ತೆ ಏರಿಸಬಹುದು. ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಷ್ಟು ವರ್ಷದಿಂದ ಪರೀಕ್ಷೆ ಆಗಿ ಬಂದ ಮಾಲು ಅದು.

ಗಿಲಾವಿಗೆ ಸುಣ್ಣ ಹಾಕಿ, ಸಿಮೆಂಟ್ ಬೇಡ. ಚಿರೆಕಲ್ಲು ನೀರು ಕುಡಿಯುತ್ತೆ. ಸುಣ್ಣದ ಗಿಲಾವು ಆ ಪಸೆಯನ್ನ ಹೊರಗೆ ಬಿಡುತ್ತೆ, ಸಿಮೆಂಟಿನದು ಒಳಗೇ ಕಟ್ಟಿಹಾಕುತ್ತೆ. ಆಮೇಲೆ ಅದು ಪದರ ಪದರ ಬಿಡುವುದು ನಮ್ಮ ಓಣಿಯಲ್ಲೇ ಇದೆ, ಬಂದು ನೋಡಿ.

ಹಾಂ, ನಟ್ಟು-ಬೋಲ್ಟಿನ ವಿಷಯ. ಸತುವಿನ ಲೇಪ ಇರುವ ಜಿಐ ಅಂತ ಕೊಡುತ್ತಾರೆ. ನಾವು ಬಿದ್ರಿ ಕೆಲಸದಲ್ಲಿ ಕೋಟೆ ಮಣ್ಣು, ನವಸಾಗರ ಹಚ್ಚಿ ಸತುವಿನ ಪಾತ್ರೆಯನ್ನ ನಿಮಿಷದಲ್ಲಿ ಕಪ್ಪು ಮಾಡುತ್ತೇವೆ. ಲವಣದ ಮುಂದೆ ಸತುವಿನ ಗತ್ತು ಅಷ್ಟೇ.

ಸೈಟ್ ಮೇಸ್ತ್ರಿ, ಶಹಾಪುರ

ಅಕ್ಕಾವ್ರು ಸರಿಯಾಗಿ ಹೇಳಿದರು. ಸ್ಟೀಲ್ ಬೇಕಾದಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ತಗೊಳ್ಳಿ. ಅಂಗಡಿಯವರು 304 ಕೊಟ್ಟು ಎಲ್ಲ ಒಂದೇ ಅಂತಾರೆ. 316ರಲ್ಲಿ ಮಾಲಿಬ್ಡಿನಮ್ ಇರುತ್ತೆ, ಅದು ಉಪ್ಪಿಗೆ ತಡೆಯುತ್ತೆ. ದುಬಾರಿ. ಅದಕ್ಕೇ ಬಾಗಿಲು ಕಡಿಮೆ ಇಡಿ, ಕೀಲು ಕಡಿಮೆ ಆಗುತ್ತೆ! ಹಿತ್ತಾಳೆ ಕೀಲಾದರೂ ಆದೀತು, ಹಸಿರು ಹಿಡಿಯುತ್ತೆ ಅಷ್ಟೆ.

ಪಾಯದ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ, ಅದಕ್ಕೆ ಆಳ ತೋಡುತ್ತೇವೆ. ಮರಳು ಉಬ್ಬುವುದಿಲ್ಲ. ಅಲ್ಲಿನ ಭಯ ಬೇರೆ, ನೀರು ಹರಿದು ಪಾಯದ ಅಡಿಯ ಮರಳು ಜಾರುವುದು. ಹಿಂದಿನ ಗೋಡೆ ಯಾಕೆ ಕುಸಿಯಿತು ಅಂತ ನೋಡಿದಿರಾ? ಹಂಚಿನ ನೀರು ಗೋಡೆ ಬುಡಕ್ಕೇ ಬೀಳುತ್ತಿತ್ತಾ?

ತೊಗರಿ ಹೊಲ, ಕಲಬುರಗಿ

ಅತ್ತೆಗೆ ಫೋನ್ ಮಾಡಿದೆ. ಹೌದು. ಆ ಕಡೆ ಮಾಡಿನ ಚಾಚು ಗೆದ್ದಲು ತಿಂದು ಮುರಿದಿತ್ತು, ಎರಡು ಮಳೆಗಾಲ ನೀರು ಬುಡಕ್ಕೇ ಬಿದ್ದಿದೆ. ಕಲ್ಲು ಎಲ್ಲ ಅಲ್ಲೇ ಪೇರಿಸಿ ಇಟ್ಟಿದ್ದಾರಂತೆ. "ಒಂದು ಕಲ್ಲೂ ಕೊಟ್ಟಿಲ್ಲ, ಯಾರು ಕೇಳಿದರೂ" ಅಂದರು.

ಸುಮ್ನೆ ಕೇಳಿದೆ, ಸೇಡಂ

ನೋಡ್ರಿ! ಮನೆಗೆ ರೋಗ ಇರಲಿಲ್ಲ, ಚಾಚು ಮುರಿದಿತ್ತು ಅಷ್ಟೆ. ಅದಕ್ಕೆ ನೀವು ಹೊಸ ಮನೆಗೆ ಹೊರಟಿದ್ದಿರಿ.

ಗಣಿತ ಟೀಚರ್, ಚಿತ್ತಾಪುರ

ನೀರಿನ ಲೆಕ್ಕ ಯಾರೂ ತೆಗೆಯಲಿಲ್ಲ, ನಾನು ತೆಗೆಯುತ್ತೇನೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. ಚಾಚು ಸೇರಿ ಮಾಡು 100 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಕಲಬುರಗಿಯಲ್ಲಿ ವರ್ಷಕ್ಕೆ 750 ಮಿ.ಮೀ. ಹಿಡಿದರೂ 75,000 ಲೀಟರ್. ಕುಮಟಾ ಕಡೆ 3,000 ಮಿ.ಮೀ. ಆರಾಮಾಗಿ ದಾಟುತ್ತೆ, ಅಂದರೆ 3 ಲಕ್ಷ ಲೀಟರ್.

ಅಷ್ಟನ್ನೂ ಹಿಡಿಯಲು ಹೋಗಬೇಡಿ. ಅಷ್ಟು ದೊಡ್ಡ ಟ್ಯಾಂಕ್ ಅಂದರೆ ಮತ್ತೆ ಕಾಂಕ್ರೀಟೇ. ಬಾವಿ ನೀರು ಯಾವಾಗ ಸಪ್ಪೆಯಿಂದ ಉಪ್ಪಾಗುತ್ತೆ ಅಂತ ಅತ್ತೆಗೆ ಕೇಳಿ. ಸಾಮಾನ್ಯವಾಗಿ ಬೇಸಿಗೆ ಕೊನೆಗೆ. ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಅಂದರೂ 150 ದಿನಕ್ಕೆ 6,000 ಲೀಟರ್ ಸಾಕು. ಉಳಿದ ಮಳೆನೀರನ್ನ ಬಾವಿಯ ಹತ್ತಿರ ಇಂಗಿಸಿ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತೆ. ಮೇಲಿನದನ್ನ ಪಂಪು ಹಾಕಿ ಎಳೆದಷ್ಟೂ ಕೆಳಗಿನ ಉಪ್ಪು ಮೇಲೆ ಬರುತ್ತೆ. ಬೋರ್ ಕೊರೆಸುವ ಯೋಚನೆ ಬಿಟ್ಟುಬಿಡಿ, ದಂಡೆಯಲ್ಲಿ ಅದಕ್ಕೆ ನಿರ್ಬಂಧವೂ ಇದೆ. ಹಗ್ಗದ ರಾಟೆ ಬಾವಿಯೇ ಸರಿ.

ಮೊದಲ ಒಂದೆರಡು ಮಳೆಯ ನೀರು ಟ್ಯಾಂಕಿಗೆ ಬಿಡಬೇಡಿ. ಎಂಟು ತಿಂಗಳ ಉಪ್ಪು ಹಂಚಿನ ಮೇಲೆ ಕೂತಿರುತ್ತೆ.

ಘಟ್ಟದ ಕೆಳಗಿನವ, ಕಲಬುರಗಿ

ಟೀಚರಿಗೆ ಶರಣು. ಪಾಯಿಖಾನೆ ಗುಂಡಿಯನ್ನೂ ಸೇರಿಸಿ. ಮಳೆಗಾಲದಲ್ಲಿ ಅಲ್ಲಿ ಎರಡು ಮೊಳ ಅಗೆದರೆ ನೀರು. ಮಾಮೂಲಿ ಇಂಗುಗುಂಡಿ ಮಾಡಿದರೆ ಅದು ನೇರ ಬಾವಿಗೆ. ಸೋರದ ಟ್ಯಾಂಕ್ ಮಾಡಿಸಿ, ಬಾವಿಯಿಂದ 18-20 ಮೀಟರ್ ದೂರ ಇಡಿ, ಹೊರಬರುವ ನೀರನ್ನ ಎತ್ತರದ ಮಡಿಗೆ ಬಿಟ್ಟು ಕಾಬಾಳೆ ಗಿಡ ಹಾಕಿ.

ಮತ್ತೆ ದೀಪ. ಉತ್ತರ ಕನ್ನಡದ ದಂಡೆಗೆ ಚಳಿಗಾಲದಿಂದ ಬೇಸಿಗೆವರೆಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕು ನೋಡಿ ಸಮುದ್ರದ ದಿಕ್ಕು ಹಿಡಿಯುತ್ತವೆ. ನಿಮ್ಮ ಜಗಲಿಯ ಬಿಳಿ ಎಲ್ಇಡಿ ನೋಡಿ ಮನೆ ಕಡೆ ತೆವಳುತ್ತವೆ. ಪಡುವಣಕ್ಕೆ ದೀಪವೇ ಬೇಡ. ಹಾಕಿದರೂ ಕೆಳಮುಖದ ಹಳದಿ-ಕೆಂಪು ಬಲ್ಬು, ಮಂದವಾಗಿ.

ತೊಗರಿ ಹೊಲ, ಕಲಬುರಗಿ

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ದೀಪಾವಳಿಗೆ ಹೋಗಿ ಬಂದೆವು.

ಗಾಜು, ಸ್ಲ್ಯಾಬ್, ಮುಂದಿನ ಜಾಗ, ಮೂರೂ ಬಿಟ್ಟೆ. ಹಳೆ ಪಾಯದ ಮೇಲೇ, 740 ಚದರ ಅಡಿ. ದಾಖಲೆ ಸಿಕ್ಕಿತು, ಮಾವನವರ ಹೆಸರಿನ ತೆರಿಗೆ ರಸೀದಿ ಅತ್ತೆಯ ಟ್ರಂಕಿನಲ್ಲಿ ಸೀರೆಯ ಮಡಿಕೆಯಲ್ಲಿತ್ತು. ಅನುಮತಿಗೆ ಅರ್ಜಿ ಕೊಟ್ಟಿದ್ದೇವೆ, ಓಡಾಟ ನಡೆದಿದೆ. ನಡುವಿನ ಎರಡು ಕತ್ತಲೆ ಕೋಣೆ ತೆಗೆದು ಒಂದೇ ಮಾಡುತ್ತೇವೆ, ಪೂರ್ವ-ಪಶ್ಚಿಮ ಗಾಳಿ ಆಡುತ್ತೆ. ಬಾಗಿಲು ಒಂಬತ್ತು ಇದ್ದದ್ದು ಐದಕ್ಕೆ ಬಂತು, ಮೇಸ್ತ್ರಿ ಅವರ ಮಾತು. ಗೋಡೆಗೆ ಹಳೆ ಕಲ್ಲು, ಸುಣ್ಣದ ಗಿಲಾವು. ಹಂಚು ಇಳಿಸಿ ಎಣಿಸಿದೆವು, ನೂರಕ್ಕೆ ಹತ್ತೋ ಹನ್ನೆರಡೋ ಒಡೆದಿವೆ ಅಷ್ಟೆ. ಹಿಂಬದಿ ಚಾಚು ಮೂರು ಅಡಿ. ಒಲೆಯ ಮೇಲಿನ ಅಟ್ಟ ಇದ್ದಲ್ಲೇ ಇರುತ್ತೆ.

ಅತ್ತೆಗೆ ಪ್ಲಾನ್ ತೋರಿಸಿದೆ. ಕಾಗದ ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಮನೆಯೇ ಅಲ್ದಾ?" ಅಂದರು.

ಈಗ ಉಳಿದದ್ದು ಅಪ್ಪನ ಫರ್ಸಿ. ಅವರು ಮಾತು ಕೊಟ್ಟುಬಿಟ್ಟಿದ್ದಾರೆ, ಕಲ್ಲು ಕಳಿಸದೇ ಬಿಡುವುದಿಲ್ಲ. ಅತ್ತೆಗೆ ಕಾವಿ ನೆಲವೇ ಬೇಕು. ಫರ್ಸಿಯನ್ನ ಅಡುಗೆಕಟ್ಟೆಗೆ ಹಾಕಬಹುದಾ?

ಕೋಟೆ ಹಿಂದಿನ ಮನೆ, ಬೀದರ

ಬೇಡವೇ ಬೇಡ. ಶಹಾಬಾದ್ ಕಲ್ಲು ಅಂದರೆ ಸುಣ್ಣಕಲ್ಲು. ಹುಳಿ ಬಿದ್ದರೆ ಕಚ್ಚುತ್ತೆ. ಅವರ ಅಡುಗೆಯಲ್ಲಿ ಮುರುಗಲು, ನಿಂಬೆ ದಿನಾ ಇರುತ್ತಲ್ವಾ? ವರ್ಷದಲ್ಲಿ ಕಟ್ಟೆ ತುಂಬ ಬಿಳಿ ಮಚ್ಚೆ.

ಘಟ್ಟದ ಕೆಳಗಿನವ, ಕಲಬುರಗಿ

ನೆಲಕ್ಕೂ ಬೇಡ. ಮಳೆ ಶುರುವಾಗುವ ಮುಂಚೆ ನುಣುಪು ಕಲ್ಲು ಬೆವರುತ್ತೆ, ವಯಸ್ಸಾದವರು ಜಾರುತ್ತಾರೆ. ಬಟ್ಟೆ ಒಗೆಯುವ ಕಲ್ಲು ಮಾಡಿ, ಬಾವಿಕಟ್ಟೆ ಹತ್ತಿರ. ನುಣುಪು ಮಾಡಿಸಬೇಡಿ, ಒರಟು ಇರಲಿ.

ತೊಗರಿ ಹೊಲ, ಕಲಬುರಗಿ

ಒಂದು ಒಗೆಯುವ ಕಲ್ಲು, ಜಗಲಿಯ ಅಂಚಿಗೆ ಕೂರಲು ಎರಡು ಹಾಸು. ಒಟ್ಟು ಮೂರು ಕಲ್ಲು. ಇದಕ್ಕೆ ಲಾರಿ ಯಾಕೆ ಅಂತ ಅಪ್ಪನಿಗೆ ನಾನೇ ಹೇಳಬೇಕು.

ಸುಮ್ನೆ ಕೇಳಿದೆ, ಸೇಡಂ

ಕುಮಟಾ ಕಡೆ ಹೋಗುವ ತೊಗರಿ ಲೋಡ್ ಯಾವುದಾದರೂ ಇದ್ದರೆ ಅದರಲ್ಲೇ ಹಾಕಿ ಕಳಿಸಿ. ನಾನು ನಮ್ಮ ಕಡೆ ವಿಚಾರಿಸುತ್ತೇನೆ.